ಬಡೀ ಬೀಯ ಮೂರನೇ ಗೇರು

ಎರಡನೇ ಸಲ ಗೇರ್ ಬಾಕ್ಸ್ ಇಳಿಸಿ, ಬಿಚ್ಚಿ, ತೊಳೆದು, ಮತ್ತೆ ಏರಿಸಿ ಕೂರಿಸಿದ ಮೇಲೂ ಬಡೀ ಬೀ ತನ್ನ ಚಾಳಿ ಬಿಡಲಿಲ್ಲ. ಎರಡನೇ ಗೇರಿನಲ್ಲೇ ಅರಚುತ್ತಾಳೆ, ಮೂರಕ್ಕೆ ಏರುವುದಿಲ್ಲ. ಏರಿದರೂ ಫರ್ಲಾಂಗು ಹೋಗುವುದರೊಳಗೆ ಧಡ್ ಎಂದು ಮತ್ತೆ ಎರಡಕ್ಕೆ ಬೀಳುತ್ತಾಳೆ. ಶೇಖರಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಹಲಸೂರಿನ ಸೇನಾ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ಫಿಟ್ಟರಾಗಿ ಗಾಡಿಗಳ ಹೊಟ್ಟೆಯ ಕೆಳಗೇ ಆಯುಷ್ಯ ಕಳೆದು, ರಿಟೈರಾದ ಮೇಲೆ ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಯ ಪಕ್ಕ ಸ್ವಂತ ಶೆಡ್ಡು ಹಾಕಿಕೊಂಡವನು ಅವನು. ಅವನ ಕೈಯಿಂದಲೇ ಎರಡೆರಡು ಸಲ ಆದ ಕೆಲಸ ಸರಿಹೋಗಲಿಲ್ಲವೆಂದರೆ ಯಾರ ಮುಂದೆ ತಲೆ ಎತ್ತುವುದು?

ಬಡೀ ಬೀ ಎಂದರೆ ಯಾರೋ ಹೆಂಗಸು ಎಂದುಕೊಳ್ಳಬೇಡಿ. ಹತ್ತು ಟಯರಿನ ಮಿಲಿಟರಿ ಲಾರಿ ಅದು. ಯಾವ ಕಾಲದಲ್ಲೋ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಸ್ಟೇರಿಂಗು ನಮ್ಮ ಗಾಡಿಗಳ ಹಾಗೆ ಬಲಕ್ಕಿಲ್ಲ, ಎಡಕ್ಕಿದೆ. ಸೇನೆಯವರು ಹರಾಜು ಹಾಕಿದಾಗ ಶಿವಾಜಿನಗರದ ಗುಜರಿ ವ್ಯಾಪಾರಿಯೊಬ್ಬರು ಅದನ್ನು ಕೊಂಡು, ಬೆನ್ನಿಗೆ ಕ್ರೇನು ಕೂರಿಸಿ, ಕೆಟ್ಟು ನಿಂತ ಬಸ್ಸು ಲಾರಿಗಳನ್ನು ಎಳೆಯುವ ಕೆಲಸಕ್ಕೆ ಹಚ್ಚಿದರು. ಮನೆಯ ಹಿರಿಯ ಹೆಂಗಸನ್ನು ಕರೆಯುವ ಹಾಗೆ ಬಡೀ ಬೀ ಎಂದು ಹೆಸರಿಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಗಾಡಿ ಮಗ ಅಹ್ಮದ್ ಪಾಷಾನ ಕೈಗೆ ಬಂತು. ಟಿನ್ ಫ್ಯಾಕ್ಟರಿಯಿಂದ ದೊಡ್ಡನೆಕ್ಕುಂದಿಯವರೆಗೆ ಎಲ್ಲಿ ಲಾರಿ ಕೆಟ್ಟು ನಿಂತರೂ ಡ್ರೈವರುಗಳು ಮೊದಲು ಫೋನು ಮಾಡುತ್ತಿದ್ದದ್ದು ಕ್ರೇನ್ ಪಾಷಾನಿಗೆ. ಗಾಡಿಯ ವಯಸ್ಸು ಎಷ್ಟು ಎಂದು ಯಾರಾದರೂ ಕೇಳಿದರೆ, ಹೆಂಗಸಿನ ವಯಸ್ಸು ಕೇಳುವ ಮರ್ಯಾದೆಗೆಟ್ಟವನು ನೀನು ಎಂದು ಅವನು ಬೈಯುತ್ತಿದ್ದ.

ಬಡೀ ಬೀಯ ದೊಡ್ಡ ವಿಶೇಷ ಬೇರೆ ಇತ್ತು. ಅವಳಿಗೆ ಕ್ಲಚ್ ಪೆಡಲೇ ಇಲ್ಲ. ಈಗಿನ ಕಾರುಗಳ ಹಾಗೆ ಆ ಕಾಲಕ್ಕೇ ಗೇರು ತಾನೇ ತಾನಾಗಿ ಬದಲಾಗುವ ಗಾಡಿ. ಇಷ್ಟು ವರ್ಷ ಅದು ಬರೀ ಬಡಾಯಿ ಕೊಚ್ಚಿಕೊಳ್ಳುವ ವಿಷಯವಾಗಿತ್ತು. ಆರು ವರ್ಷದ ಹಿಂದೆ ಶುಗರು ಪಾಷಾನ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ತೆಗೆದುಕೊಂಡು ಹೋದ ಮೇಲೆ ಅದೇ ಅವನ ಬದುಕಾಯಿತು.

ಕಾಲು ಹೋದ ಹೊಸದರಲ್ಲಿ ಪಾಷಾ ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಶಕೀಲಾ ತಟ್ಟೆ ಇಟ್ಟರೆ ಇಟ್ಟ ಹಾಗೇ ಇರುತ್ತಿತ್ತು. ಒಂದು ಮಧ್ಯಾಹ್ನ ಶೇಖರಪ್ಪ ಶಿವಾಜಿನಗರದ ಆ ಸಣ್ಣ ಗಲ್ಲಿಯ ಮನೆಗೆ ಹೋಗಿ, ಕೂರದೆ, ಹಾಸಿಗೆಯ ಪಕ್ಕ ನಿಂತೇ ಬೈದ.

"ಎದ್ದೇಳೋ ಸಾಕು. ನಿನ್ ಗಾಡೀಲಿ ಕ್ಲಚ್ಚೇ ಇಲ್ಲ. ಎಡಗಾಲ್ ಇಟ್ಕೊಂಡು ಏನ್ ಮಾಡ್ಬೇಕಿತ್ತು ನೀನು? ಬಡೀ ಬೀಗೆ ಬಲಗಾಲ್ ಒಂದಿದ್ರೆ ಸಾಕು."

ಪಾಷಾ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದ. ಮೂರು ತಿಂಗಳಲ್ಲಿ ಅವನು ಮನುಷ್ಯರ ಮುಖ ನೋಡಿದ್ದು ಆಗಲೇ ಎಂದು ಶಕೀಲಾ ಆಮೇಲೆ ಎಷ್ಟೋ ಸಲ ಹೇಳಿದ್ದಳು. ಮತ್ತೆರಡು ತಿಂಗಳಿಗೆ ಅವನು ಜೈಪುರ ಕಾಲು ಕಟ್ಟಿಕೊಂಡು, ಶೇಖರಪ್ಪನ ಹೆಗಲ ಮೇಲೆ ಕೈಯಿಟ್ಟು, ಬಡೀ ಬೀಯ ಸೀಟು ಹತ್ತಿದ. ಸತ್ತವನನ್ನು ಎಬ್ಬಿಸಿದ ಮಾತು ತನ್ನದು ಎಂಬ ಸಣ್ಣ ಹೆಮ್ಮೆಯೊಂದು ಶೇಖರಪ್ಪನ ಒಳಗೆ ಅಂದಿನಿಂದ ಇತ್ತು. ಅದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ.

ಆ ಸೀಟಿನ ವಿಷಯ ಒಂದು ಮಾತು ಹೇಳಬೇಕು. ಅದರ ಮೇಲೆ ಪಾಷಾ ಬಿಟ್ಟು ಬೇರೆ ಯಾರೂ ಕೂರುವಂತಿರಲಿಲ್ಲ. ಬಹಳ ಹಿಂದೆ ಅವನ ಚಿಕ್ಕಪ್ಪ ಒಂದೇ ಒಂದು ಸಲ ಕೂತು, ಹಲಸೂರು ಕೆರೆಯ ಹತ್ತಿರ ಗಾಡಿಯನ್ನು ಚರಂಡಿಗೆ ಇಳಿಸಿ ಪಕ್ಕೆಲುಬು ಮುರಿದುಕೊಂಡಿದ್ದ. ಅಂದೇ ಪಾಷಾನ ಅಪ್ಪ ಆಣೆ ಹಾಕಿ ಹೇಳಿದ್ದರಂತೆ, ಇವಳು ಒಬ್ಬನ ಕೈಗೇ ಒಗ್ಗುವವಳು, ಎರಡನೆಯವನು ಮುಟ್ಟಬಾರದು ಎಂದು. ಶೇಖರಪ್ಪನಿಗೂ ಇದರಿಂದ ತೊಂದರೆ ಇರಲಿಲ್ಲ. ದೂರು ತಂದವನು ಓಡಿಸಬೇಕು, ರಿಪೇರಿ ಮಾಡುವವನು ಪಕ್ಕದಲ್ಲಿ ಕೂತು ಗಮನಿಸಬೇಕು ಎಂದೇ ವರ್ಕ್‌ಶಾಪಿನಲ್ಲಿ ಅವನಿಗೆ ಕಲಿಸಿದ್ದರು. ಹೀಗೆ ನೌಕರಿಯಲ್ಲಿದ್ದಾಗಿನ ಭಾನುವಾರಗಳಿಂದ ಹಿಡಿದು ಮೂವತ್ತು ವರ್ಷ ರಿಪೇರಿ ಮಾಡಿ ಬಡೀ ಬೀಯ ಒಂದೊಂದು ನಟ್ಟನ್ನೂ ಬಲ್ಲ ಶೇಖರಪ್ಪ ಒಂದು ದಿನವೂ ಅವಳನ್ನು ಓಡಿಸಿರಲಿಲ್ಲ.

ಗೇರಿನ ಕಾಟ ಶುರುವಾದದ್ದು ಎರಡು ತಿಂಗಳ ಕೆಳಗೆ. ಪಾಷಾ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಕೂಗಿದ್ದ.

"ಉಸ್ತಾದ್, ಇವಳಿಗೆ ಏನೋ ಆಗ್ಬಿಟ್ಟಿದೆ. ಮೂರಕ್ಕೆ ಹೋಗು ಅಂದ್ರೆ ಹೋಗಲ್ಲ, ಹಟ ಮಾಡ್ತಾಳೆ."

"ವಯಸ್ಸಾಯ್ತು ಕಣೋ. ನಿನಗೂ ಅವಳಿಗೂ."

"ನನ್ ವಿಷ್ಯ ನಕ್ಕೋ, ಬಿಡು. ಅವಳನ್ ನೋಡು."

ನೋಡಿದ. ಇಂಥ ಗಾಡಿ ಗೇರು ಬದಲಾಯಿಸುವಾಗ ಇಬ್ಬರ ಮಾತು ಕೇಳುತ್ತದೆ. ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ಹಿಂದಿನಿಂದ ಗವರ್ನರ್ ಎಂಬ ಭಾಗ ಹೇಳುತ್ತದೆ. ಓಡಿಸುವವನ ಕಾಲು ಎಷ್ಟು ಒತ್ತುತ್ತಿದೆ ಎಂದು ಮುಂದಿನಿಂದ ಎಕ್ಸಲೇಟರಿನ ರಾಡು ಹೇಳುತ್ತದೆ. ಕಾಲು ಹಗುರವಾಗಿದ್ದರೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಕಾಲು ಜೋರಾಗಿ ಒತ್ತಿದರೆ, ಯಜಮಾನನಿಗೆ ಶಕ್ತಿ ಬೇಕಾಗಿದೆ ಎಂದುಕೊಂಡು ಕೆಳಗಿನ ಗೇರಿಗೆ ಇಳಿಯುತ್ತದೆ. ಈ ಎರಡು ಮಾತಿನಲ್ಲಿ ಯಾವುದೋ ಒಂದು ಸುಳ್ಳು ಎಂದು ಶೇಖರಪ್ಪನಿಗೆ ಮೊದಲ ದಿನವೇ ಅನ್ನಿಸಿತ್ತು.

ಇಂಜಿನ್ ಚಾಲೂ ಇಟ್ಟು, ಬಿಸಿಯಾದ ಮೇಲೆ ಆಯಿಲ್ ಅಳತೆ ನೋಡಿದ. ಸರಿಯಾಗಿತ್ತು. ಬೆರಳಿಗೆ ತೆಗೆದುಕೊಂಡು ಉಜ್ಜಿ ಮೂಗಿಗೆ ಹಿಡಿದ. ಇದು ಅವನ ಹಳೇ ಅಭ್ಯಾಸ. ವರ್ಕ್‌ಶಾಪಿನ ಗದ್ದಲದಲ್ಲಿ ಕಿವಿ ಎಂದೋ ಅರ್ಧ ಮಂದವಾಗಿತ್ತು, ಮೂಗೇ ಅವನ ಬಂಡವಾಳ. ಕಿವಿ ಬೇಕಾದಾಗ ಪಾಷಾನ ಕಿವಿ ಇತ್ತು. ಒಳಗಿನ ಪಟ್ಟಿ ಸುಟ್ಟಿದ್ದರೆ ಆಯಿಲ್ ಸೀದ ವಾಸನೆ ಬರಬೇಕು. ಬರಲಿಲ್ಲ. ಆಯಿಲ್ ಸೋಸುವ ಜಾಲರಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಗವರ್ನರ್ ಬಿಚ್ಚಿದ. ರಾಡಿನ ಉದ್ದ ಅಳೆದ. ಅದೂ ಆಗದೆ ಗೇರ್ ಬಾಕ್ಸನ್ನೇ ಇಳಿಸಿ, ಶಿವಾಜಿನಗರದ ಲೇತಿನಲ್ಲಿ ಎರಡು ಬುಷ್ ಕಡೆಸಿ ಹಾಕಿದ. ಪಾಷಾ ಓಡಿಸಿ ನೋಡಿದರೆ ಅದೇ ರಾಗ. ಮತ್ತೆ ಇಳಿಸಿದ. ಅರವತ್ತೈದರ ವಯಸ್ಸಿನಲ್ಲಿ ಆ ಭಾರ ಎತ್ತಿ ಇಳಿಸಿ ಅವನ ಸೊಂಟ ಹಿಡಿದುಕೊಂಡು ಎರಡು ದಿನ ಚಾಪೆ ಬಿಟ್ಟು ಏಳಲಾಗಲಿಲ್ಲ. ಪೆಡಲಿನಿಂದ ಕೆಳಗೆ ಇದ್ದದ್ದನ್ನೆಲ್ಲ ಅವನು ನೋಡಿದ್ದ. ಪೆಡಲಿನಿಂದ ಮೇಲೆ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಕೊನೆಗೆ ಒಂದು ಮಂಗಳವಾರ, ಗೇರ್ ಬಾಕ್ಸಿನೊಳಗಿನ ಒತ್ತಡ ನೋಡುವುದಕ್ಕೆ ಕೆಳಗಿನಿಂದ ಸಣ್ಣ ಪೈಪೊಂದನ್ನು ಕ್ಯಾಬಿನ್ನಿಗೆ ಎಳೆದು, ಮೀಟರು ಕಟ್ಟಿ, ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಧಡ್, ಧಡ್ ಎಂದು ಏಳೆಂಟು ಸಲ ಕುಕ್ಕಿತು. ಮೀಟರಿನ ಮುಳ್ಳು ಮಾತ್ರ ಎಲ್ಲಿರಬೇಕೋ ಅಲ್ಲೇ ಇತ್ತು. ಪಾಷಾ ಬೆವೆತು ಹೋಗಿದ್ದ. ಇಳಿದು, ಕುಂಟುತ್ತ, ರಸ್ತೆಯಾಚೆ ಆಂಜನಮ್ಮನ ಟೀ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತ.

ಶೇಖರಪ್ಪ ಮೀಟರು ಬಿಚ್ಚಲು ಡ್ರೈವರ್ ಕಡೆಯ ಬಾಗಿಲಿಗೆ ಬಂದು ಬಗ್ಗಿದ. ಎಕ್ಸಲೇಟರ್ ಪೆಡಲಿನ ಕೆಳಗಿನ ತಗಡಿನ ಮೇಲೆ ಕೆಂಪು ಹನಿಗಳಿದ್ದವು. ಪೆಡಲಿನ ರಬ್ಬರಿನ ಮೇಲೂ ಕೆಂಪು ಬಳಿದುಕೊಂಡಿತ್ತು.

ಅವನ ಎದೆ ಕುಣಿಯಿತು. ಈ ಗೇರ್ ಬಾಕ್ಸಿನ ಆಯಿಲೂ ಕೆಂಪೇ. ಸಿಕ್ಕಿಬಿದ್ದ ಕಳ್ಳ! ಎಲ್ಲೋ ಸೋರುತ್ತಿದೆ, ಅದಕ್ಕೇ ಇಷ್ಟು ಆಟ ಆಡಿಸಿದ್ದು. ಎರಡು ತಿಂಗಳ ಅವಮಾನ ಒಂದೇ ಉಸಿರಿಗೆ ಇಳಿದುಹೋದಂತಾಗಿ, ನಗುತ್ತಲೇ ಬೆರಳಲ್ಲಿ ಒಂದು ಹನಿ ತೆಗೆದುಕೊಂಡು, ಅಭ್ಯಾಸದಂತೆ ಉಜ್ಜಿ, ಮೂಗಿಗೆ ಹಿಡಿದ.

ಅದು ಆಯಿಲ್ ಆಗಿರಲಿಲ್ಲ.

ಹನಿಗಳು ಬಾಗಿಲಿನ ಮೆಟ್ಟಿಲ ಮೇಲೂ ಇದ್ದವು. ಶೆಡ್ಡಿನ ನೆಲದ ಮೇಲೆ, ರಸ್ತೆಯ ಮೇಲೆ, ಒಂದೊಂದು ಹೆಜ್ಜೆಗೆ ಒಂದೊಂದರಂತೆ ಟೀ ಅಂಗಡಿಯವರೆಗೂ ಹೋಗಿದ್ದವು. ಶೇಖರಪ್ಪ ಆ ಹನಿಗಳ ಹಿಂದೆಯೇ ನಡೆದ. ಪಾಷಾ ಬೆಂಚಿನ ಮೇಲೆ ಕೂತು, ಸಕ್ಕರೆ ಇಲ್ಲದ ಟೀಯನ್ನು ಊದಿ ಊದಿ ಕುಡಿಯುತ್ತಿದ್ದ. ಅವನ ಬಲಗಾಲಿನ ಹವಾಯಿ ಚಪ್ಪಲಿಯ ಕೆಳಗೆ ಸಣ್ಣ ಕೆಂಪು ಮಡುವಾಗಿತ್ತು.

"ಏನ್ ಉಸ್ತಾದ್, ಸಿಕ್ತಾ?" ಎಂದು ಅವನು ಆಸೆಯಿಂದ ಕೇಳಿದ.

ಶೇಖರಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಪಾದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ತಗಡಿಗೆ ಹಾಕುವ ಒಂದೂವರೆ ಅಂಗುಲದ ಸ್ಕ್ರೂ ಚಪ್ಪಲಿ ತೂರಿಕೊಂಡು ಅಂಗಾಲಿಗೆ ತಲೆಯವರೆಗೂ ಹೊಕ್ಕಿತ್ತು. ಅದು ತನ್ನದೇ ಶೆಡ್ಡಿನ ಸ್ಕ್ರೂ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಿನ್ನೆ ನೆಲ ಗುಡಿಸಲು ಸೊಂಟ ಬಗ್ಗಿರಲಿಲ್ಲ. ಅವನು ಇಕ್ಕಳದಿಂದ ಅದನ್ನು ಹಿಡಿದು ಎಳೆದ. ಯಾರಾದರೂ ಊರು ಕೇಳುವ ಹಾಗೆ ಕಿರುಚಬೇಕಾದ ನೋವು ಅದು. ಪಾಷಾ ಇನ್ನೊಂದು ಗುಟುಕು ಟೀ ಕುಡಿದ.

"ಏನ್ ಮಾಡ್ತಿದ್ದೀಯ ಅಲ್ಲಿ?" ಎಂದ.

ಶೇಖರಪ್ಪ ಸ್ಕ್ರೂ ಹಿಡಿದ ಇಕ್ಕಳವನ್ನು ಬೆಂಚಿನ ಮೇಲೆ ಇಟ್ಟ. ಗಾಡಿಗೆ ಹೋಗುತ್ತಿದ್ದ ಎರಡು ಮಾತಿನಲ್ಲಿ ಸುಳ್ಳು ಯಾವುದು ಎಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಬಡೀ ಬೀಗೆ ಯಾವ ರೋಗವೂ ಇರಲಿಲ್ಲ. ಕಾಲು ಎಷ್ಟು ಒತ್ತುತ್ತಿದೆ ಎಂದು ಕಾಲಿಗೇ ಗೊತ್ತಿರಲಿಲ್ಲ. ಪಾಪ, ಆ ಕಾಲು ಹೇಳಿದ್ದನ್ನೆಲ್ಲ ಅವಳು ನಂಬಿ ಕೇಳುತ್ತಿದ್ದಳು.

ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟಿದ ಮೇಲೆ ಶೀತಲ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಪಾಷಾನನ್ನು ಮಂಚದ ಮೇಲೆ ಮಲಗಿಸಿದರು. ಅಷ್ಟರಲ್ಲಿ ಶಕೀಲಾ ಓಡೋಡಿ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಡಾಕ್ಟರ ಕೈಯಲ್ಲಿ ಮೀನಿನ ಗಾಳದ ದಾರದಂಥ ಸಣ್ಣ ನೈಲಾನ್ ಎಳೆಯಿತ್ತು.

"ಕಣ್ಮುಚ್ಕೊಳ್ಳಿ ಸರ್. ಇದ್ರಿಂದ ಪಾದ ಮುಟ್ತಾ ಹೋಗ್ತೀನಿ. ಮುಟ್ಟಿದ್ದು ಗೊತ್ತಾದಾಗ ಹ್ಞೂಂ ಅನ್ನಿ, ಅಷ್ಟೇ."

ಪಾಷಾ ಕಣ್ಣು ಮುಚ್ಚಿದ. ಡಾಕ್ಟರು ಹೆಬ್ಬೆರಳಿಗೆ ಮುಟ್ಟಿಸಿದರು. ಅವನು ಸುಮ್ಮನಿದ್ದ. ಹಿಮ್ಮಡಿಗೆ ಮುಟ್ಟಿಸಿದರು. ಸುಮ್ಮನಿದ್ದ. ಏನೋ ಎಡವಟ್ಟಾಗುತ್ತಿದೆ ಎಂದು ಅನ್ನಿಸಿರಬೇಕು, "ಹ್ಞೂಂ" ಎಂದ. ಸ್ವಲ್ಪ ಬಿಟ್ಟು ಮತ್ತೆ "ಹ್ಞೂಂ" ಎಂದ. ಡಾಕ್ಟರು ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಪಾಷಾ ನಿಲ್ಲಿಸಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಪಾಠ ಒಪ್ಪಿಸುವವನ ಹಾಗೆ, ಇಷ್ಟಿಷ್ಟು ಹೊತ್ತಿಗೊಂದರಂತೆ, ಯಾರೂ ಮುಟ್ಟದ ಕಾಲಿಗೆ "ಹ್ಞೂಂ... ಹ್ಞೂಂ..." ಎನ್ನುತ್ತಲೇ ಹೋದ. ಶಕೀಲಾ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು.

ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಕಾಲಿನ ನರಗಳು ಸತ್ತಿವೆ, ಮತ್ತೆ ಬರುವುದಿಲ್ಲ. ಗಾಯ ವಾಸಿಯಾಗುವವರೆಗೆ ಮೈಯೆಲ್ಲ ಕಣ್ಣಾಗಿ ನೋಡಿಕೊಂಡರೆ ಈ ಕಾಲು ಉಳಿಯುತ್ತದೆ. ಆದರೆ ಯಾವ ಗಾಡಿಯ ಪೆಡಲಿನ ಮೇಲೂ ಇದನ್ನು ಇಡುವ ಹಾಗಿಲ್ಲ. ಪಾಷಾ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಡಾಕ್ಟರು ಆಚೆ ಹೋದ ಮೇಲೆ ಶೇಖರಪ್ಪನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ಉಸ್ತಾದ್, ನಾನ್ ಇಲ್ಲಿರೋ ಅಷ್ಟ್ರಲ್ಲಿ ಆ ಗವರ್ನರ್ ಇನ್ನೊಂದ್ಸಲ ಬಿಚ್ಚಿ ನೋಡ್ಬಿಡು. ನನಗೆ ಅದ್ರ ಮೇಲೇ ಡೌಟು."

ಶೇಖರಪ್ಪ ಅವನ ಹೊದಿಕೆ ಸರಿಮಾಡಿದ. ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದ.

ಹೊರಗಿನ ಮೆಟ್ಟಿಲ ಮೇಲೆ ಶಕೀಲಾ ಕೂತಿದ್ದಳು. "ಹೋದ್ ತಿಂಗ್ಳು ಒಂದಿನ ಒಂದೇ ಚಪ್ಲೀಲಿ ಮನೆಗ್ ಬಂದ್ರು ಭಾಯ್," ಎಂದಳು. "ಜೈಪುರ್ ಕಾಲಲ್ಲಿ ಚಪ್ಲಿ ಇದೆ, ಒಳ್ಳೇ ಕಾಲಿಂದು ದಾರೀಲಿ ಬಿದ್ದೋಗಿದೆ. ಅವ್ರಿಗೆ ಗೊತ್ತೇ ಇಲ್ಲ. ನಾನು, ಏನ್ರೀ ಯಾರ್ ಗುಂಗಲ್ಲಿ ನಡ್ಕೊಂಡ್ ಬಂದ್ರಿ ಅಂತ ನಕ್ಕ್‌ಬಿಟ್ಟೆ. ಅವ್ರೂ ನಕ್ರು. ಆವತ್ತೇ ಕಾಲ್ ನೋಡ್ಬೇಕಿತ್ತಲ್ಲ ನಾನು, ನಗ್ತಾ ಕೂತಿದ್ನಲ್ಲ."

"ನಾನೂ ನೋಡ್ಲಿಲ್ಲ ಭಾಬಿ. ಪಕ್ಕದಲ್ಲೇ ಕೂತಿದ್ದೆ, ಎರಡ್ ತಿಂಗ್ಳು."

"ಇನ್ ಗಾಡಿ ಆಗಲ್ಲ ಅಂತ ನೀವೇ ಹೇಳ್ಬೇಕು. ಡಾಕ್ಟರ್ ಮಾತು, ನನ್ ಮಾತು ಅವ್ರ್ ಕಿವೀಗ್ ಹೋಗಲ್ಲ. ಆವತ್ತು ಎಬ್ಸಿದ್ದೂ ನೀವೇ ಅಲ್ವಾ?"

ಹೌದು, ಎಬ್ಬಿಸಿದವನು ಅವನೇ. ಬಲಗಾಲು ಒಂದಿದ್ದರೆ ಸಾಕು ಎಂದವನು ಅವನೇ. ಆರು ವರ್ಷ ಒಳಗೇ ಜೋಪಾನ ಮಾಡಿಟ್ಟುಕೊಂಡಿದ್ದ ಹೆಮ್ಮೆಯ ಮಾತು ಅದು. ಈಗ ಅದನ್ನು ಯಾವ ಬಾಯಿಂದ ವಾಪಸು ತೆಗೆದುಕೊಳ್ಳುವುದು?

ಮರುದಿನ ಶೆಡ್ಡಿಗೆ ಬಂದವನು ಸುಮಾರು ಹೊತ್ತು ಬಡೀ ಬೀಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಒಂದು ದಾರಿ ಇತ್ತು. ಎಕ್ಸಲೇಟರಿನ ರಾಡಿನ ತುದಿಯ ನಟ್ಟು ಸಡಿಲಿಸಿ ಅಳತೆಯನ್ನು ಸ್ವಲ್ಪ ಬದಲಾಯಿಸಿದರೆ, ಕಾಲು ಎಷ್ಟೇ ಭಾರ ಬಿದ್ದರೂ ಗೇರ್ ಬಾಕ್ಸಿಗೆ ಹಗುರ ಎಂದೇ ಗೊತ್ತಾಗುತ್ತದೆ. ಮೂರಕ್ಕೆ ಏರುತ್ತದೆ, ಕುಕ್ಕುವುದಿಲ್ಲ. ಪಾಷಾ ಖುಷಿಯಾಗುತ್ತಾನೆ, ರಿಪೇರಿ ಆಯಿತು ಎನ್ನುತ್ತಾನೆ. ಶೇಖರಪ್ಪ ಕೆಳಗೆ ತೂರಿ, ನಟ್ಟು ಸಡಿಲಿಸಿ, ಒಂದು ಸುತ್ತು ತಿರುಗಿಸಿಯೂ ಬಿಟ್ಟ. ಎರಡನೇ ಸುತ್ತಿಗೆ ಸ್ಪ್ಯಾನರ್ ಹಾಕಿದಾಗ ಅವನ ಕಣ್ಣಿಗೆ ಪಕ್ಕದಲ್ಲೇ ಇದ್ದ ಬ್ರೇಕಿನ ರಾಡು ಬಿತ್ತು. ಬ್ರೇಕು ಒತ್ತುವುದೂ ಅದೇ ಕಾಲು. ಟಿನ್ ಫ್ಯಾಕ್ಟರಿಯ ಹತ್ತಿರ ಬೆಳಗಿನ ಹೊತ್ತು ರಸ್ತೆ ದಾಟುವ ಜನ ನೆನಪಾದರು. ಗೇರನ್ನು ಏಮಾರಿಸಬಹುದು, ಬ್ರೇಕನ್ನು ಏನೆಂದು ಏಮಾರಿಸುವುದು? ಅವನು ನಟ್ಟನ್ನು ಇದ್ದ ಜಾಗಕ್ಕೆ ತಿರುಗಿಸಿ, ಬಿಗಿದು, ಲಾರಿಯ ಕೆಳಗೇ ಮಲಗಿ ಮಕ್ಕಳ ಹಾಗೆ ಅತ್ತ.

ಮೂರು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಶೆಡ್ಡಿನ ಮುಂದೆ ಆಟೋ ಬಂದು ನಿಂತು ಪಾಷಾ ಇಳಿದ. ಶೇಖರಪ್ಪ ಅಷ್ಟರಲ್ಲಿ ಎರಡು ಸಲ ಆಸ್ಪತ್ರೆಯಲ್ಲಿ, ಒಂದು ಸಲ ಮನೆಯಲ್ಲಿ ಹೇಳಿ ನೋಡಿದ್ದ. ಗಾಡಿಯಲ್ಲಿ ದೋಷ ಇಲ್ಲ ಪಾಷಾ, ನಿನ್ನ ಕಾಲಿನದೇ ತೊಂದರೆ ಎಂದು ನೇರವಾಗಿಯೇ ಹೇಳಿದ್ದ. ಪಾಷಾ ಒಂದು ಸಲ ನಕ್ಕ, ಒಂದು ಸಲ ರೇಗಿದ, ಒಂದು ಸಲ ಕೇಳಿಸದವನ ಹಾಗೆ ಮಾತು ಬದಲಿಸಿದ. ಈಗ ಕಂಕುಳಲ್ಲಿ ಊರುಗೋಲು, ಬಲಗಾಲಿಗೆ ದಪ್ಪ ಬ್ಯಾಂಡೇಜು, ಆಸ್ಪತ್ರೆಯವರು ಕೊಟ್ಟ ದೊಡ್ಡ ಚಪ್ಪಲಿ. ಗಡ್ಡ ಬಾಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ.

"ಒಂದ್ ಪಂದ್ಯ ಕಟ್ಟೋಣ ಉಸ್ತಾದ್," ಎಂದ. "ಇವತ್ತು ನೀನ್ ಓಡ್ಸು. ನಾನ್ ಪಕ್ಕದಲ್ಲಿ ಕೂತ್ಕೋತೀನಿ. ನಿನ್ ಕಾಲಿಗೂ ಅವಳು ಕುಕ್ಕಿದ್ರೆ ದೋಷ ಅವಳ್ದು, ಮತ್ತೆ ಬಿಚ್ಬೇಕು. ಕುಕ್ಕಲಿಲ್ಲ ಅಂದ್ರೆ..." ಅವನು ಮುಂದೆ ಹೇಳಲಿಲ್ಲ. ಜೇಬಿನಿಂದ ಕೀ ತೆಗೆದು ಚಾಚಿದ.

"ನಿಮ್ಮಪ್ಪನ ಆಣೆ ಏನಾಯ್ತೋ?"

"ಅಬ್ಬಾಗೆ ನಾನ್ ಮೇಲ್ ಹೋದಾಗ ಹೇಳ್ಕೋತೀನಿ. ಹತ್ತು."

ಶೇಖರಪ್ಪ ಅವನನ್ನು ಸೊಂಟ ಹಿಡಿದು ಬಲಗಡೆಯ ಸೀಟಿಗೆ ಹತ್ತಿಸಿ ಕೂರಿಸಿದ. ಆಮೇಲೆ ಸುತ್ತು ಹಾಕಿ ಬಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಸ್ಟೇರಿಂಗಿನ ಮುಂದೆ ಕೂತ. ಸೀಟು ಪಾಷಾನ ಮೈಗೆ ತಕ್ಕಂತೆ ತಗ್ಗಾಗಿತ್ತು. ಆ ತಗ್ಗಿನಲ್ಲಿ ಕೂತಾಗ ಬೇರೆಯವರ ಹಾಸಿಗೆಯಲ್ಲಿ ಮಲಗಿದಷ್ಟು ಸಂಕೋಚವಾಯಿತು.

ಬಡೀ ಬೀ ಕೆಮ್ಮಿ ಚಾಲೂ ಆದಳು. ಹಳೇ ಮದ್ರಾಸು ರಸ್ತೆ ಖಾಲಿಯಿತ್ತು. ಮೆಟ್ರೋ ಕಂಬಗಳ ಸಾಲಿನ ಪಕ್ಕ ಕೆ.ಆರ್. ಪುರದ ಕಡೆ ಗಾಡಿ ತಿರುಗಿತು. ಪಾಷಾ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒತ್ತಿ ಕಣ್ಣು ಮುಚ್ಚಿಕೊಂಡ. ಒಂದರಿಂದ ಎರಡಕ್ಕೆ ಹೋದದ್ದು ಶೇಖರಪ್ಪನಿಗೆ ಗೊತ್ತೇ ಆಗಲಿಲ್ಲ. "ಎರಡು," ಎಂದು ಪಾಷಾ ಮೆಲ್ಲಗೆ ಹೇಳಿದ. ಇನ್ನೂ ನೂರು ಗಜ ಹೋದ ಮೇಲೆ ಇಂಜಿನ್ನಿನ ದನಿ ಇಳಿದು ಹಿತವಾಯಿತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಮೂರನೇ ಗೇರು ಬಿತ್ತು. ಪಾಷಾ ಈ ಸಲ ಎಣಿಸಲಿಲ್ಲ.

ಶೇಖರಪ್ಪ ಓರೆಗಣ್ಣಿನಿಂದ ನೋಡಿದ. ಮುಚ್ಚಿದ ಕಣ್ಣಿನ ಕೆಳಗೆ ಪಾಷಾನ ಕೆನ್ನೆಯ ಸ್ನಾಯು ಅದುರುತ್ತಿತ್ತು. ಕುಕ್ಕಲಿ, ಒಂದೇ ಒಂದು ಸಲ ಕುಕ್ಕಲಿ ಎಂದು ಅವನು ತನ್ನ ದೇವರನ್ನು ಕೇಳಿಕೊಳ್ಳುತ್ತಿದ್ದಾನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೂರು ತಿಂಗಳು ಗೋಡೆ ನೋಡುತ್ತ ಮಲಗಿದ್ದ ಆ ಬೆನ್ನು ಶೇಖರಪ್ಪನ ಕಣ್ಣಿಗೆ ಕಟ್ಟಿತು. ಈ ಸಲ ಎಬ್ಬಿಸಲು ಅವನ ಹತ್ತಿರ ಯಾವ ಮಾತೂ ಇರಲಿಲ್ಲ.

ಬೆನ್ನಿಗಾನಹಳ್ಳಿಯ ಸೇತುವೆಯ ಏರು ಬಂತು. ಶೇಖರಪ್ಪ ಯೋಚಿಸಲಿಲ್ಲ. ಎಕ್ಸಲೇಟರನ್ನು ನೆಲಕ್ಕೆ ಅಮುಕಿಬಿಟ್ಟ.

ಇಂಜಿನ್ ಅರಚಿತು. ಬಡೀ ಬೀ ಧಡ್ ಎಂದು ಎರಡಕ್ಕೆ ಬಿದ್ದು ಇಡೀ ಕ್ಯಾಬಿನ್ನು ನಡುಗಿತು.

"ನೋಡ್ದಾ!" ಎಂದು ಶೇಖರಪ್ಪ ಕೂಗಿದ. ದನಿ ಅವನದೇ ಅನ್ನಿಸಲಿಲ್ಲ. "ಇದೆ ಕಣೋ! ಗೇರ್ ಬಾಕ್ಸಲ್ಲೇ ಇದೆ. ನಿನ್ ಮಾತೇ ಸರಿ. ನಾಳೆನೇ ಇಳಿಸ್ತೀನಿ."

ಪಾಷಾ ಕಣ್ಣು ತೆರೆದ. ಒಂದು ಗಳಿಗೆ, ಒಂದೇ ಗಳಿಗೆ, ಆ ಮುಖದಲ್ಲಿ ಹಬ್ಬದ ಬೆಳಗಿನಂಥ ಕಳೆ ಬಂತು. ಆಮೇಲೆ ಅದು ನಿಧಾನವಾಗಿ ಇಳಿದುಹೋಯಿತು. ಅವನು ಶೇಖರಪ್ಪನ ತೋಳಿನ ಮೇಲೆ ಕೈಯಿಟ್ಟ.

"ಉಸ್ತಾದ್, ಮೊದ್ಲು ಇಂಜಿನ್ ಕೂಗ್ತು. ಆಮೇಲ್ ಗೇರ್ ಬಿತ್ತು. ಗೇರ್ ಬಾಕ್ಸ್ ಕೆಟ್ಟಿದ್ರೆ ಮೊದ್ಲು ಗೇರ್ ಬೀಳ್ಬೇಕು. ಕಾಲ್ ಒತ್ತಿದ್ರೆ ಮಾತ್ರ ಇಂಜಿನ್ ಮೊದ್ಲು ಕೂಗೋದು."

ಶೇಖರಪ್ಪನ ಕಾಲು ಪೆಡಲಿನ ಮೇಲೇ ಕಲ್ಲಾಯಿತು.

"ನಾನ್ ಓಡ್ಸೋವಾಗ್ಲೂ ಹಿಂಗೇ ಕೂಗ್ತಿತ್ತು," ಎಂದ ಪಾಷಾ. "ಮೊದಲ್ನೇ ದಿನದಿಂದ್ಲೂ. ನನ್ ಕಿವೀಗೆ ಗೊತ್ತಾಗ್ದೆ ಇರತ್ತಾ? ಕೇಳಿಸ್ಲಿಲ್ಲ ಅಂತ ಇದ್ದುಬಿಟ್ಟೆ. ನಿನ್ ಕೈ ಮೇಲೆ ಭರೋಸಾ ಇತ್ತು. ಉಸ್ತಾದ್ ಹೆಂಗೋ ಏನೋ ಒಂದ್ ತಪ್ಪು ಹುಡುಕ್ತಾನೆ ಅಂತ. ಮಾಫ್ ಮಾಡು. ನಿನ್ ಸೊಂಟ ಮುರಿಯೋ ಹಂಗೆ ಎರಡ್ಸಲ ಬಿಚ್ಚಿಸ್ದೆ."

"ಪಾಷಾ, ನಾನು..."

"ಬೇಡ. ಕಾಲ್ ತೆಗಿ. ಅವಳನ್ನ ಸರಿಯಾಗ್ ಓಡ್ಸು."

ಶೇಖರಪ್ಪ ಕಾಲು ಸಡಿಲಿಸಿದ. ಕಣ್ಣು ಮಂಜಾಗಿ ರಸ್ತೆ ಎರಡೆರಡಾಗಿ ಕಾಣುತ್ತಿತ್ತು. ತೋಳಿನಿಂದ ಒರೆಸಿಕೊಂಡು, ಹಗುರವಾಗಿ, ಮಲಗಿದ ಮಗುವನ್ನು ತಟ್ಟುವಷ್ಟು ಹಗುರವಾಗಿ ಪೆಡಲ್ ಒತ್ತಿದ. ಸೇತುವೆಯ ನೆತ್ತಿ ದಾಟಿ ಇಳಿಜಾರು ಬಂದಾಗ ಬಡೀ ಬೀ ಸದ್ದಿಲ್ಲದೆ ಮೂರಕ್ಕೆ ಏರಿದಳು. ಟಿನ್ ಫ್ಯಾಕ್ಟರಿ ಹಿಂದೆ ಬಿತ್ತು.

"ಮೂರು," ಎಂದ ಪಾಷಾ.

ಸ್ವಲ್ಪ ದೂರ ಹೋದ ಮೇಲೆ, ಕೆ.ಆರ್. ಪುರದ ತೂಗು ಸೇತುವೆಯ ಕಂಬಗಳು ಎದುರಿಗೆ ಕಾಣತೊಡಗಿದಾಗ, "ನಾಲ್ಕು," ಎಂದ. ಎಷ್ಟೋ ತಿಂಗಳಿಂದ ಅವಳು ನಾಲ್ಕಕ್ಕೆ ಹೋಗಿರಲಿಲ್ಲ. ಅವನ ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಶೇಖರಪ್ಪ ಒಂದು ಸಲ ಕೆಳಗೆ ನೋಡಿದ. ಬಲಗಡೆಯ ಸೀಟಿನ ಮುಂದೆ ಪೆಡಲ್ ಇಲ್ಲ, ಬರೀ ತಗಡಿನ ನೆಲ. ಆ ತಗಡಿನ ಮೇಲೆ ಬ್ಯಾಂಡೇಜು ಸುತ್ತಿದ ಬಲಗಾಲು ಇವನ ಕಾಲಿನ ಜೊತೆಜೊತೆಗೇ ಮೆಲ್ಲಗೆ ಒತ್ತುತ್ತಿತ್ತು, ಮೆಲ್ಲಗೆ ಬಿಡುತ್ತಿತ್ತು. ಪಾಷಾನಿಗೆ ಅದು ಗೊತ್ತಿರಲಿಲ್ಲ.